ಚೀಟಿ ಎತ್ತಿ ತಂದ ಬಾಣಗಳು

"ಮೇಡಂ, ಇವಳಿಗೆ ಏಕಾಗ್ರತೆಯೇ ಇಲ್ಲ. ಮೊದಲು ಎಷ್ಟು ಚೆನ್ನಾಗಿ ಹೊಡೀತಿದ್ಲು!" ನಾನು ಆಪ್ತಸಲಹೆಗಾರ್ತಿ; ಮಕ್ಕಳನ್ನು ಆಟಕ್ಕೆ ಸೇರಿಸಿದ ಅಪ್ಪ ಅಮ್ಮಂದಿರಿಂದ ಇಂಥ ಮಾತು ಪದೇ ಪದೇ ಕೇಳುತ್ತೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ಹತ್ತನೇ ಕ್ಲಾಸು. ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಚಕ್ರವಿರುವ ಬಿಲ್ಲು ಹೊಡೆಯುತ್ತಾಳೆ. ಅಪ್ಪನದು ಚಿಕ್ಕ ಅಂಗಡಿ. 2023ರಲ್ಲಿ ನಮ್ಮ ದೇಶದ ಬಿಲ್ಲುಗಾರ್ತಿ ಅದಿತಿ ಸ್ವಾಮಿ 17ನೇ ವಯಸ್ಸಿಗೇ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಆಸೆ ಹುಟ್ಟಿತು. 2028ರ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದ ಮೇಲಂತೂ ಅದು ಇನ್ನೂ ಜಾಸ್ತಿಯಾಯಿತು. ಚಾಂಪಿಯನ್‌ಗಳು ಹೊಡೆಯುವ ಕಂಪನಿಯದ್ದೇ ಒಂದು ಡಜನ್ ಕಾರ್ಬನ್ ಬಾಣ ತಂದುಕೊಟ್ಟಿದ್ದರು. ಒಂದು ವರ್ಷದ ಮೇಲೆ ಅಂಕ ಇಳಿಯತೊಡಗಿತು. ಮನೆಯಲ್ಲಿ ಮೊದಲು ಫೋನ್ ಕಿತ್ತುಕೊಂಡರು, ಆಮೇಲೆ ನನ್ನ ಹತ್ತಿರ ಕರೆತಂದರು.

ಮೊದಲ ಭೇಟಿಗಳಲ್ಲಿ ನಿದ್ದೆ, ಪರೀಕ್ಷೆ, ಗೆಳತಿಯರು ಅಂತ ಮಾತಾಡಿದೆವು. ಏನೂ ಸಿಗಲಿಲ್ಲ. ಒಂದು ದಿನ ಅವಳೊಬ್ಬಳೇ ಒಳಗಿದ್ದಾಗ, "ಎದ್ದು ನಿಂತು ಬಿಲ್ಲು ಎಳೆಯೋದು ಹೇಗೆ ತೋರಿಸಮ್ಮ" ಅಂದೆ. ಬರಿಗೈಯಲ್ಲೇ ತೋರಿಸಿದಳು. ಬೆನ್ನು ನೇರ, ಬಲಮೊಣಕೈ ಪೂರ್ತಿ ಹಿಂದಕ್ಕೆ ಹೋಯಿತು. ನೋಡಲು ಚೆಂದವಿತ್ತು. "ಅಭ್ಯಾಸ ಮಾಡುವ ರೇಂಜ್‌ನಲ್ಲೂ ಹೀಗೇನಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಣಕೈಯನ್ನು ಮುಂದಕ್ಕೆ ತಂದಳು. ಭುಜ ಮುದುರಿತು. ಕತ್ತು ಮುಂದಕ್ಕೆ ಚಾಚಿತು.

"ಯಾಕೆ ಎರಡು ಥರ?"

"ಮೊದಲನೇದು ನನ್ನ ಅಳತೆ ಮೇಡಂ. ಇದು ಬಾಣದ ಅಳತೆ."

ಆಮೇಲೆ ಎಲ್ಲ ಹೊರಗೆ ಬಂತು. ವರ್ಷದಲ್ಲಿ ಅವಳು ಬೆಳೆದಿದ್ದಳು, ತೋಳೂ ಉದ್ದವಾಗಿತ್ತು. ಎಷ್ಟು ಎಳೆಯಬೇಕು ಅನ್ನುವುದನ್ನು ಕಾಂಪೌಂಡ್ ಬಿಲ್ಲಿನಲ್ಲಿ ಚಕ್ರದ ಮಾಡ್ಯೂಲ್ ಅನ್ನುವ ಬಿಡಿಭಾಗ ನಿರ್ಧರಿಸುತ್ತದೆ. ಅದನ್ನು ಬದಲಿಸೋಣ ಎಂದು ಕೋಚ್ ಕೇಳಿದ್ದರು. ಬದಲಿಸಿದರೆ ಹಳೆಯ ಬಾಣ ಗಿಡ್ಡವಾಗುತ್ತದೆ. ಅದರ ತುದಿ ರೆಸ್ಟ್‌ನಿಂದ, ಅಂದರೆ ಬಿಲ್ಲಿನ ಮೇಲೆ ಬಾಣ ಆನಿಸುವ ಆಸರೆಯಿಂದ, ಹಿಂದೆ ಜಾರಿಬಿದ್ದು, ಆಗ ಬಿಟ್ಟರೆ ಬಾಣ ಸೀಳಿ ಬಿಲ್ಲು ಹಿಡಿದ ಕೈಗೇ ಹೊಕ್ಕಬಹುದು. ಹಾಗಾಗಿ ಹೊಸ ಬಾಣ ಬೇಕೇ ಬೇಕು. ಇವಳು "ಬೇಡ ಸಾರ್, ನನಗೆ ಇದೇ ಸರಿ" ಅಂದುಬಿಟ್ಟಿದ್ದಳು. ಪೌಂಡ್, ಅಂದರೆ ಬಿಲ್ಲು ಎಳೆಯಲು ಬೇಕಾದ ಬಲ, ಮಾತ್ರ 36ರಿಂದ 44ಕ್ಕೆ ಏರಿತ್ತು. ಹೊಸ ಬಾಣ ಬೇಕಾಗುತ್ತದೆಂದು ಕೋಚ್ ಹೇಳಿ ಕಳಿಸಿದ್ದನ್ನೂ ಮನೆಗೆ ಮುಟ್ಟಿಸಿರಲಿಲ್ಲ.

"ಅಪ್ಪ ಚೀಟಿ ಎತ್ತಿ ತಂದಿದ್ದು ಮೇಡಂ. ಇನ್ನೂ ಕಂತು ಕಟ್ತಾ ಇದ್ದಾರೆ. ಹೇಗೆ ಹೇಳಲಿ?"

ಬಾಣದ ಉಸಾಬರಿ ಆಪ್ತಸಲಹೆಗಾರರಿಗೆ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬೋರ್ಡ್ ಕಾಣದ ಮಗುವಿಗೆ ಗಮನವಿಲ್ಲ ಅನ್ನುವ ಮೊದಲು ಕಣ್ಣು ಪರೀಕ್ಷೆ ಮಾಡಿಸುತ್ತೇವಲ್ಲ, ಇದೂ ಹಾಗೇ. ಇವಳಿಗೆ ಏಕಾಗ್ರತೆಯ ವ್ಯಾಯಾಮ ಕೊಟ್ಟು ಕಳಿಸಿದ್ದರೆ, ಮುದುರಿಕೊಂಡ ಭುಜದಲ್ಲೇ ಇನ್ನಷ್ಟು ಶ್ರದ್ಧೆಯಿಂದ ಹೊಡೆಯುತ್ತಿದ್ದಳು. ಸೋತಾಗ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅದು ಆಪ್ತಸಲಹೆ ಅಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಅವಳನ್ನು ಕೇಳಿಯೇ ಅಪ್ಪನನ್ನೂ ಕೋಚ್‌ರನ್ನೂ ಒಟ್ಟಿಗೆ ಕೂರಿಸಿದೆ. ಕಂಪನಿಯ ಹೆಸರು ಬಿಡಿ, ಮಗಳ ಅಳತೆ ನೋಡಿ ಅಂದೆ. ಮಿಕ್ಕಿದ್ದನ್ನು ಕೋಚ್ ಬಿಡಿಸಿ ಹೇಳಿದರು. ಬಾಣದ ಮೇಲಿನ ಸ್ಪೈನ್ ನಂಬರ್ ಅದು ಎಷ್ಟು ಬಾಗುತ್ತದೆ ಅನ್ನುವ ಲೆಕ್ಕ. 28 ಇಂಚು ದೂರದ ಎರಡು ಆಸರೆಗಳ ಮೇಲೆ ಬಾಣದ ಕಡ್ಡಿ ಇಟ್ಟು, ನಡುವೆ ಸುಮಾರು 880 ಗ್ರಾಂ ತೂಗುಹಾಕುತ್ತಾರೆ. ಅರ್ಧ ಇಂಚು ಬಾಗಿದರೆ ಅದು 500. ನಂಬರ್ ಕಡಿಮೆಯಾದಷ್ಟೂ ಬಾಣ ಗಡುಸು. ಪೌಂಡ್ ಏರಿದರೆ, ಬಾಣ ಉದ್ದವಾದರೆ, ಮುಂದಿನ ಮೊನೆ ಭಾರವಾದರೆ ಇನ್ನೂ ಗಡುಸಾದದ್ದು ಬೇಕು. ಇವಳ ಬಾಣ 600ರದ್ದು. ಈಗಿನ ಅಳತೆಗೆ ಬಾಣ ಆರಿಸುವ ಚಾರ್ಟ್‌ನಲ್ಲಿ 500 ಬಂತು.

"ವೇಗ ಬರೋ ಹಾಗೆ ಹಗುರದ್ದೇ ತರಲಾ?" ಅಂದರು ಅಪ್ಪ. ಬೇಡ ಅಂದರು ಕೋಚ್. ಪೌಂಡಿಗೆ 5 ಗ್ರೇನ್‌ಗಿಂತ ಹಗುರವಾದ ಬಾಣ ಹಾಕಬಾರದು ಅಂತ ಸಾಮಾನ್ಯ ನಿಯಮವಿದೆ. 44 ಪೌಂಡಿಗೆ ಕನಿಷ್ಠ 220 ಗ್ರೇನ್, ಅಂದರೆ ಹೆಚ್ಚುಕಡಿಮೆ 14 ಗ್ರಾಂ. ಅದಕ್ಕಿಂತ ಹಗುರವಾದರೆ ಬಾಣವಿಲ್ಲದೆ ಬಿಟ್ಟಂತೆ ಪೆಟ್ಟೆಲ್ಲ ಬಿಲ್ಲಿಗೇ ಬೀಳುತ್ತದೆ.

"ಹಾಗಾದ್ರೆ ದುಡ್ಡು ದಂಡ ಆಯ್ತಲ್ವಾ?" ಎಂದು ಕೇಳಿದಾಗ ಅವರ ಮುಖ ಸಣ್ಣಗಾಗಿತ್ತು. ಹುಡುಗಿ ತಲೆ ತಗ್ಗಿಸಿದಳು. ನಾನು ಅಪ್ಪನಿಗೇ ಹೇಳಿದೆ: "ಬಾಣ ಮುರಿಯುತ್ತೆ, ಗಿಡ್ಡ ಆಗುತ್ತೆ, ಅದು ನಿನ್ನ ತಪ್ಪಲ್ಲ ಅಂತ ಇವಳಿಗೆ ಈಗಲೇ, ನಿಮ್ಮ ಬಾಯಲ್ಲೇ ಹೇಳಿ." ತಡೆದು ತಡೆದು ಹೇಳಿದರು. ಅವಳು ಅತ್ತಳು, ಅವರೂ ಕಣ್ಣೊರೆಸಿಕೊಂಡರು.

ಖರ್ಚಿನ ದಾರಿಯನ್ನೂ ಮಾತಾಡಿಕೊಂಡೆವು. ಬೆಳೆಯುವ ಮಗುವಿಗೆ ಡಜನ್ ಬೇಡ. ಅರ್ಹತಾ ಸುತ್ತಿನಲ್ಲಿ ಒಂದು ಸರದಿಗೆ ಆರು ಬಾಣ, ಜೊತೆಗೆ ಎರಡು ಇದ್ದರೆ ಸಾಕು. ಕತ್ತರಿಸುವಾಗ ಒಂದಿಂಚು ಉದ್ದ ಬಿಡಿಸಿ, ಆ ಉದ್ದವನ್ನು ಲೆಕ್ಕಕ್ಕೆ ಹಿಡಿದೇ ಸ್ಪೈನ್ ಆರಿಸಬೇಕು. ಹಳೆಯವನ್ನು ರೇಂಜ್‌ನಲ್ಲೇ ಅಳತೆ ಹೊಂದುವ ಚಿಕ್ಕ ಮಕ್ಕಳಿಗೆ ಮಾರಬಹುದು. ಕೊಡುವ ಮೊದಲು ಒಂದೊಂದನ್ನೂ ಬಾಗಿಸಿ ನೋಡಬೇಕು; ಸಣ್ಣ ಚಟಪಟ ಸದ್ದು ಬಂದರೂ ಅದು ಕಸದ ಬುಟ್ಟಿಗೆ. ಮೂರು ತಿಂಗಳಿಗೊಮ್ಮೆ ಮಗಳ ಅಳತೆ ತೆಗೆದು, ಅವಳೇ ಮನೆಗೆ ಬಂದು ಹೇಳಬೇಕು ಎಂದೂ ಒಪ್ಪಿಕೊಂಡರು.

ಅಂಕ ಇನ್ನೂ ಮೊದಲಿನ ಮಟ್ಟಕ್ಕೆ ಬಂದಿಲ್ಲ. ಮುದುರಿ ಅಭ್ಯಾಸವಾದ ಭುಜ ಹೊಸ ಅಳತೆಗೆ ಒಗ್ಗಬೇಕು. ಕೋಚ್ ಕೇಳಿದಷ್ಟು ಸಮಯ ಕೊಡಿ, ಅಲ್ಲಿಯವರೆಗೆ ಅಂಕ ಕೇಳಬೇಡಿ ಎಂದು ಅಪ್ಪನಿಗೆ ಹೇಳಿದ್ದೇನೆ. ಫೋನ್ ವಾಪಸ್ ಕೊಡಿಸಿದ್ದೇನೆ.