ಟೂರಿಸ್ಟ್‌ಗಳನ್ನ ನಂಬ್ಕೊಂಡು ಕೈಕೆಲಸದಲ್ಲೇ ಜೀವನ ಮಾಡಬಹುದಾ?

ಮರದ ಸಾಮಾನು ಮಾಡ್ತೀನಿ, ವೀಕೆಂಡ್ ಆದ್ರೆ ನಮ್ಮೂರಿಗೆ ಟೂರಿಸ್ಟ್ ಜಾಸ್ತಿ, ಇರೋ ಕೆಲಸ ಬಿಟ್ಟು ಮೇನ್ ರೋಡಲ್ಲಿ ಅಂಗಡಿ ಹಾಕ್ಲಾ ಅಂತ ಕೇಳಿದೀರಾ. ನಂದು ಚನ್ನಪಟ್ಟಣ, ಮನೇಲಿ ಲೇತ್ ಕೆಲಸ, ಅಂದ್ರೆ ಮರ ತಿರುಗಿಸೋ ಮಿಷಿನಲ್ಲಿ ಗೊಂಬೆ ಮಾಡೋದು. ಜೀವನ ಆಗುತ್ತೆ ಸರ್, ಆದ್ರೆ ರೋಡ್ ನೋಡ್ಕೊಂಡು ಅಂಗಡಿ ಹಾಕ್ಬೇಡಿ.

ಯಾಕಂದ್ರೆ ನಮ್ಮೂರ ಕಥೆ ನೋಡಿ. ಬೆಂಗಳೂರಿಂದ ಮೈಸೂರಿಗೆ ಹೋಗೋರೆಲ್ಲಾ ಊರೊಳಗಿಂದಾನೇ ಹೋಗ್ಬೇಕಿತ್ತು, ಕಾಫಿಗೆ ಅಂತ ಗಾಡಿ ನಿಲ್ಸೋರು, ಮಕ್ಕಳು ಬುಗುರಿನೋ ಮರದ ಕುದುರೆನೋ ನೋಡಿ ಹಠ ಹಿಡಿಯೋವು, ಅಲ್ಲಿಗೆ ವ್ಯಾಪಾರ ಆಗೋಗೋದು. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಬೈಪಾಸ್ ಊರನ್ನ ಪಕ್ಕಕ್ಕೆ ಬಿಟ್ಟು ಹೋಯ್ತು, ಹಳೇ ರೋಡಿನ ಗೊಂಬೆ ಅಂಗಡಿಗಳ ವ್ಯಾಪಾರ ಕುಸಿದೋಯ್ತು. ಗೊಂಬೆ ಅದೇ, ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು ಜಿಐ ಟ್ಯಾಗೂ ಇದೆ, ಟಿಪ್ಪು ಕಾಲದಿಂದ ಬಂದ ಹೆಸರೂ ಇದೆ, ಗಾಡಿ ಮಾತ್ರ ನಿಲ್ಲಲ್ಲ.

ತಡ್ಕೊಂಡವರು ಯಾರು ಅಂದ್ರೆ ಸ್ಕೂಲು, ಕಂಪನಿ ಗಿಫ್ಟು, ಎಕ್ಸ್‌ಪೋರ್ಟು ಅಂತ ಆರ್ಡರ್ ಇಟ್ಕೊಂಡಿದ್ದೋರು, ಮತ್ತೆ ಜನ ಹುಡುಕ್ಕೊಂಡು ಬರೋ ಹಾಗೆ ಕೆಲಸ ತೋರಿಸೋರು. ಈ ಎರಡನೇದು ನಿಮಗೆ ಮುಖ್ಯ. ಲೇತಲ್ಲಿ ಆಲೆಮರದ ತುಂಡು ತಿರುಗ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ಕೊಳ್ಳುತ್ತೆ, ಮೇಲೆ ತಾಳೆಗರಿ ಹಿಡಿದ್ರೆ ಫಳಫಳ ಹೊಳಪು ಬರುತ್ತೆ, ನಮಗೆ ದಿನಾ ನೋಡಿ ಬೇಜಾರಾಗಿರೋದು ಟೂರಿಸ್ಟ್‌ಗಳಿಗೆ ಮ್ಯಾಜಿಕ್ಕು. ಇದನ್ನ ನೋಡಿದವರು ಚೌಕಾಸಿ ಮಾಡೋದು ಕಮ್ಮಿ, ಅಂಗಡೀಲಿ ಮುನ್ನೂರಕ್ಕೆ ಮೂಗು ಮುರಿಯೋ ಮನುಷ್ಯನೇ ಇಲ್ಲಿ ಎರಡು ತಗೊಂಡು ಹೋಗ್ತಾನೆ. ಅವರ ಕೈಲೂ ಒಂದು ಮಾಡಿಸಿ, ಅದಕ್ಕೆ ಬೇರೆ ಫೀಸ್ ತಗೊಳ್ಳಿ, ನಾಚ್ಕೋಬೇಡಿ. ನಾವು ಬಣ್ಣ ಹಚ್ಚಕ್ಕೆ ಮಾತ್ರ ಬಿಡ್ತೀವಿ, ಉಳಿ ಕೊಡಲ್ಲ, ಬೆರಳು ಹೋದ್ರೆ ಯಾರು ಜವಾಬ್ದಾರಿ.

ಸಣ್ಣದನ್ನ ಜಾಸ್ತಿ ಮಾಡಿ, ಬ್ಯಾಗಲ್ಲಿ ಹಿಡಿಸ್ಬೇಕು. ದೊಡ್ಡ ಪೀಸು ಒಂದೆರಡು ಮುಂದೆ ಇರ್ಲಿ, ಫೋಟೋಗೆ, ಜೀವನ ನಡೆಯೋದು ಕೀಚೈನು, ಗಿಲಕಿ, ಬಳೆಯಿಂದಾನೇ.

ಇನ್ನು ಕಮಿಷನ್ ವಿಷ್ಯ. ಟ್ಯಾಕ್ಸಿ ಡ್ರೈವರು, ಗೈಡು ಜನ ಕರ್ಕೊಂಡು ಬಂದ್ರೆ ಪಾಲು ಕೇಳ್ತಾರೆ, ಅದನ್ನ ಬೈದು ಪ್ರಯೋಜನ ಇಲ್ಲ, ಆದ್ರೆ ಕಮಿಷನ್ ಕೊಡೋಕೆ ಅಂತ ರೇಟು ಡಬಲ್ ಮಾಡಿದ್ರೆ ಫೋನಲ್ಲಿ ರೇಟ್ ನೋಡೋ ಈ ಕಾಲದಲ್ಲಿ ಸಿಕ್ಕಿಹಾಕ್ಕೋತೀರಾ. ಅದಕ್ಕಿಂತ ಹತ್ತಿರದ ಹೋಮ್‌ಸ್ಟೇಗಳನ್ನ ಮಾತಾಡಿಸಿ, ಅವರಿಗೂ ಗೆಸ್ಟ್‌ಗಳನ್ನ ಎಲ್ಲಿಗೆ ಕಳಿಸೋದು ಅನ್ನೋ ತಲೆನೋವಿರುತ್ತೆ. ಮಾಲನ್ನ ಮಾತ್ರ ಮಾರಿದ್ಮೇಲೆ ದುಡ್ಡು ಅಂತ ಬಿಟ್ಟು ಬರಬೇಡಿ. ಒಂದು ರೆಸಾರ್ಟಿನೋರು ನಮ್ಮ ಪೀಸ್‌ಗಳನ್ನ ರಿಸೆಪ್ಶನ್ನಲ್ಲಿ ಅಲಂಕಾರಕ್ಕೆ ಇಟ್ಕೊಂಡಿದ್ರು, ವಾಪಸ್ ಬಂದಾಗ ಬಣ್ಣ ಮಾಸಿ ಹೋಗಿತ್ತು.

ಈಗಿನ ಕೆಲಸ ಒಂದು ಮಳೆಗಾಲ ಮುಗಿಯೋವರೆಗಾದ್ರೂ ಬಿಡಬೇಡಿ, ಜನ ಇಲ್ಲದ ತಿಂಗಳಲ್ಲಿ ಮನೆ ಹೇಗೆ ನಡೆಯುತ್ತೆ ಅಂತ ಗೊತ್ತಾಗ್ಬೇಕಲ್ಲ. ಅಷ್ಟರೊಳಗೆ ಕೇಂದ್ರದ ಕರಕುಶಲ ಇಲಾಖೆಯ ಪೆಹಚಾನ್ ಕಾರ್ಡ್, ಅಂದ್ರೆ ಕುಶಲಕರ್ಮಿ ಗುರುತಿನ ಚೀಟಿ, ಮಾಡಿಸ್ಕೊಳ್ಳಿ, ಸರ್ಕಾರದ ಮೇಳಗಳಲ್ಲಿ ಸ್ಟಾಲ್‌ಗೆ ಅರ್ಜಿ ಹಾಕ್ವಾಗ ಕೇಳ್ತಾರೆ. ಕೈಕೆಲಸದೋರಿಗೆ ಅಂತಿರೋ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೇಲಿ ಬಡಗಿ ಕೆಲಸ, ಗೊಂಬೆ ಮಾಡೋದು ಎರಡೂ ಬರುತ್ತೆ, ಟೂಲ್‌ಕಿಟ್‌ಗೆ 15,000 ರೂಪಾಯಿ, ಸಾಲ ಮೊದಲು 1 ಲಕ್ಷ, ತೀರಿಸಿದ್ಮೇಲೆ 2 ಲಕ್ಷ, ಬಡ್ಡಿ 5 ಪರ್ಸೆಂಟು. ನೀವೋ ಮನೇಲಿ ಹೆಂಡ್ತಿನೋ ಸರ್ಕಾರಿ ನೌಕರಿಲಿದ್ರೆ ಸಿಗಲ್ಲ, ಅದನ್ನ ಮೊದಲೇ ನೋಡ್ಕೊಳ್ಳಿ.