ಮೊಸರನ್ನ, ಘಾಟಿ, ಪರಿಷೆ: ಪುಟ್ಟ ಮಕ್ಕಳ ಜೊತೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಒಂದೇ ದಿನಕ್ಕೆ ಹೋಗಿ ಬರಬೇಕು ಅಂದುಕೊಂಡಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ ಎಲ್ಲ ಮುಗಿಸಿಕೊಂಡು ಬರಬಹುದೇ?
— ಓದುಗರು, ರಾಜಾಜಿನಗರ

ಉತ್ತರ: ನೀವಿಬ್ಬರೇ ಹೊರಟಿದ್ದರೆ ಬರಬಹುದಿತ್ತು. ಒಂದೂವರೆ ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ದೆ ತಪ್ಪಿತೆಂದರೆ ಸಂಜೆಯ ಹೊತ್ತಿಗೆ ನಿಮ್ಮ ನಾಲ್ಕೂ ಜಾಗ ಒಂದೇ ಅಳುವಿನಲ್ಲಿ ಮುಗಿಯುತ್ತವೆ. ಮೃಗಾಲಯ ಒಂದನ್ನು ಗಟ್ಟಿ ಮಾಡಿಕೊಳ್ಳಿ. ಮಿಕ್ಕಿದ್ದು ಮಕ್ಕಳ ಮುಖ ನೋಡಿಕೊಂಡು.

ಮೊದಲು ವಾರ ನೋಡಿ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಬೆಳಿಗ್ಗೆ 8.30ಕ್ಕೆ ಬಾಗಿಲು ತೆಗೆಯುತ್ತಾರೆ, ನೀವು ಆ ಹೊತ್ತಿಗೇ ಅಲ್ಲಿರಬೇಕು. ತಂಪು ಹೊತ್ತಿನಲ್ಲಿ ಪ್ರಾಣಿಗಳು ಓಡಾಡಿಕೊಂಡಿರುತ್ತವೆ. ಹನ್ನೆರಡರ ಮೇಲೆ ಹೋದರೆ ಹುಲಿ ನೆರಳಲ್ಲಿ ಬೆನ್ನು ತೋರಿಸಿ ಮಲಗಿರುತ್ತದೆ, ಮಗಳು "ಎಲ್ಲಿ, ಎಲ್ಲಿ" ಅನ್ನುತ್ತಲೇ ಇರುತ್ತಾಳೆ. ಅಂದರೆ ಮನೆಯಿಂದ ಐದೂವರೆಗೆ ಹೊರಡಬೇಕು. ಮಕ್ಕಳನ್ನು ಎಬ್ಬಿಸಿ ಸ್ನಾನ ಮಾಡಿಸುವ ಗೋಜು ಬೇಡ. ಮಲಗಿದ ಬಟ್ಟೆಯಲ್ಲೇ ಎತ್ತಿ ಕಾರಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಮುಖ ತೊಳೆಸುವುದು ಬಟ್ಟೆ ಬದಲಿಸುವುದು ತಿಂಡಿಗೆ ನಿಲ್ಲಿಸಿದಾಗ ಆಗುತ್ತದೆ. ಇಬ್ಬರೂ ಹಿಂದಿನ ಸೀಟಿನಲ್ಲೇ, ಅವರವರ ಮಕ್ಕಳ ಸೀಟಿನಲ್ಲೇ ಇರಲಿ. ಚಿಕ್ಕವನನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವ ಅಭ್ಯಾಸವಿದ್ದರೆ ಬಿಡಿ. ಜೋರಾಗಿ ಬ್ರೇಕ್ ಬಿದ್ದರೆ ಹತ್ತು ಕಿಲೋ ಮಗುವನ್ನು ಯಾರ ತೋಳೂ ಹಿಡಿದು ನಿಲ್ಲಿಸಲಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಪೆಟ್ಟು ನೇರ ಮಗುವಿಗೆ.

ಹೊಸ ಹೆದ್ದಾರಿಯಲ್ಲಿ ಒಂದು ತೊಂದರೆ ಇದೆ. ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಹೊರಗಿನಿಂದಲೇ ಹಾದು ಹೋಗುವುದರಿಂದ ಹಳೆಯ ಹೋಟೆಲುಗಳೆಲ್ಲ ಸರ್ವೀಸ್ ರಸ್ತೆಯ ಪಾಲಾಗಿವೆ. ರಾಮನಗರ–ಚನ್ನಪಟ್ಟಣದ ಬೈಪಾಸ್ ಒಂದೇ 20 ಕಿ.ಮೀ.ಗೂ ಹೆಚ್ಚು. ಒಳಗೆ ಹೊಕ್ಕ ಮೇಲೆ ಹಿಂದಿನಿಂದ "ಸುಸ್ಸು" ಅಂತ ಕೂಗು ಬಂದರೆ ನಿಲ್ಲಿಸಲು ಜಾಗವಿಲ್ಲ. ಬೈಪಾಸಿಗೆ ಮುಂಚೆ, ಬೇಕೋ ಬೇಡವೋ, ಒಮ್ಮೆ ಇಳಿಸಿ ಕರೆದುಕೊಂಡು ಹೋಗಿಬಿಡಿ.

ಮೃಗಾಲಯದ ದಾರಿ ಮೂರು ಕಿ.ಮೀ.ಗೂ ಹೆಚ್ಚು, ಸುತ್ತು ಹಾಕಿಕೊಂಡು ಬರುವಂಥದ್ದು. ಅರ್ಧಕ್ಕೆ ಸಾಕಾಗಿ ವಾಪಸ್ ಬರುತ್ತೇವೆಂದರೂ ಅಷ್ಟೇ ನಡಿಗೆ. ಬ್ಯಾಟರಿ ಗಾಡಿ ಬೇಕಿದ್ದರೆ ಒಳಗೆ ಹೋಗುವಾಗಲೇ ವಿಚಾರಿಸಿ, ಸುಸ್ತಾದ ಮೇಲೆ ಹುಡುಕಬೇಡಿ. ತಳ್ಳುಗಾಡಿ ಇದ್ದರೆ ತನ್ನಿ, ದಾರಿ ಸಪಾಟಾಗಿದೆ. ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ, ಗೇಟಿನಲ್ಲಿ ಚೀಲ ತೆಗೆಸಿ ನೋಡುತ್ತಾರೆ. ನೀರಿಗೆ ಸ್ಟೀಲ್ ಬಾಟಲಿ, ಬದಲಿ ಚಡ್ಡಿ ಡೈಪರ್‌ಗಳಿಗೆ ಬಟ್ಟೆಯ ಚೀಲ ಇದ್ದರೆ ಅಲ್ಲಿ ಸಾಮಾನು ಕೆಳಗೆ ಸುರಿಯುವ ಕೆಲಸ ತಪ್ಪುತ್ತದೆ.

ಹನ್ನೊಂದೂವರೆಗೆ ಹೊರಬಿದ್ದು, ಊಟ ಮಾಡಿಸಿ, ಒಂದು ಗಂಟೆಯಿಂದ ಮೂರರವರೆಗೆ ಮಲಗಿಸಿ. ಪರಿಚಯದವರ ಮನೆಯೋ ಲಾಡ್ಜಿನ ರೂಮೋ ಇದ್ದರೆ ಉತ್ತಮ. ಎದ್ದ ಮೇಲೆ ಅರಮನೆಗಿಂತ ರೈಲ್ವೆ ಸ್ಟೇಷನ್ ಹತ್ತಿರದ ರೈಲು ವಸ್ತು ಸಂಗ್ರಹಾಲಯ ಮಕ್ಕಳಿಗೆ ಹೇಳಿ ಮಾಡಿಸಿದ್ದು. 1979ರಿಂದ ಇರುವ ಜಾಗ, ಹಳೇ ಇಂಜಿನ್ನುಗಳ ಮುಂದೆ ನಾಲ್ಕು ವರ್ಷದವರು ಒಂದು ಗಂಟೆ ಹಾಯಾಗಿ ಕಳೆಯುತ್ತಾರೆ. ಅರಮನೆಯ ಒಳಗೆ ಚಪ್ಪಲಿ ಬಿಟ್ಟು, ಜನರ ಸಾಲಿನಲ್ಲಿ, ಏನನ್ನೂ ಮುಟ್ಟದೆ ನಡೆಯಬೇಕು. ಆ ವಯಸ್ಸಿನವರಿಗೆ ಅದು ಶಿಕ್ಷೆ. ಭಾನುವಾರವೋ ಸರ್ಕಾರಿ ರಜೆಯ ದಿನವೋ ಆಗಿದ್ದರೆ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಅದನ್ನು ಹೊರಗಿನಿಂದ ತೋರಿಸಿ, ಕಾರಿನಲ್ಲೇ ಮೊಸರನ್ನ ತಿನ್ನಿಸಿ ಹೊರಟರೆ ಬಿಡದಿ ಬರುವಷ್ಟರಲ್ಲಿ ಇಬ್ಬರೂ ನಿದ್ದೆ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಕಲಸಿದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದಿರುತ್ತದೆ, ಗಟ್ಟಿಯೂ ಆಗಿರುತ್ತದೆ. ಮೂರು ವರ್ಷದ ಮಗ ಬಾಯಿಗೇ ಇಡುವುದಿಲ್ಲ. ಪ್ರಯಾಣಕ್ಕೆ ಬೇರೆ ಏನು ಕಟ್ಟಿಕೊಳ್ಳಬಹುದು?
— ಓದುಗರು, ತಿಪಟೂರು

ಉತ್ತರ: ಬೇರೆ ಏನೂ ಬೇಡ, ಮೊಸರು ಕಡಿಮೆ ಮಾಡಿ. ನೀವು ಕಟ್ಟಿಕೊಂಡು ಹೋಗಬೇಕಾದದ್ದು ಹಾಲನ್ನ. ಡಬ್ಬಿಯಲ್ಲಿ ಅದೇ ಮೊಸರನ್ನವಾಗಬೇಕು.

ಒಂದು ಲೋಟ ಅಕ್ಕಿಗೆ ಮೂರೂವರೆ ಲೋಟ ನೀರಿಟ್ಟು, ದಿನಕ್ಕಿಂತ ಎರಡು ಸೀಟಿ ಹೆಚ್ಚು ಕೂಗಿಸಿ. ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಮಸೆಯಿರಿ, ಆರಿದ ಮೇಲೆ ಮಸೆದರೆ ಗಂಟು ಉಳಿಯುತ್ತದೆ. ಕಾಯಿಸಿದ ಹಾಲು ಎರಡು ಲೋಟ ಹಾಕಿ ಕಲಸಿ. ಈಗ ಬೆರಳಿಟ್ಟು ನೋಡಿ, ಬೆರಳು ತಡೆಯುವಷ್ಟು ಬೆಚ್ಚಗಾದ ಮೇಲೆ ಎರಡೇ ಟೀ ಚಮಚ ಮೊಸರು. ಬಿಸಿಯಲ್ಲೇ ಮೊಸರು ಹಾಕಿದರೆ ಹೆಪ್ಪು ಸತ್ತು ಅನ್ನ ಹಾಲಾಗಿಯೇ ಉಳಿದು ಕೆಡುತ್ತದೆ. ಕಲಸಿದಾಗ ಅದು ಗಂಜಿಯ ಹಾಗೆ ನೀರುನೀರಾಗಿರುತ್ತದೆ. ಹೆದರಿ ಹಾಲು ಕಡಿಮೆ ಮಾಡುವುದೇ ಎಲ್ಲರೂ ಮಾಡುವ ತಪ್ಪು. ಅನ್ನ ಹಾಲನ್ನು ಕುಡಿಯುತ್ತಾ ಹೋಗಿ, ನಾಲ್ಕೈದು ಗಂಟೆಯಲ್ಲಿ ಹದಕ್ಕೆ ಬರುತ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ ಮೊಸರು ಒಂದು ಚಮಚ ಸಾಕು, ಡಿಸೆಂಬರಿನ ಚಳಿಯಲ್ಲಿ ಮೂರು ಬೇಕಾಗಬಹುದು.

ಒಗ್ಗರಣೆ ಆರಿದ ಮೇಲೆ ಹಾಕಿ. ಸೌತೆಕಾಯಿ ಒಳಗೆ ಬೇಡ, ನೀರು ಬಿಡುತ್ತದೆ. ಡಬ್ಬಿಯ ಮುಚ್ಚಳವನ್ನು ಅನ್ನ ಪೂರ್ತಿ ಆರಿದ ಮೇಲೇ ಹಾಕಬೇಕು, ಇಲ್ಲದಿದ್ದರೆ ಆವಿ ಮುಚ್ಚಳಕ್ಕೆ ಕಟ್ಟಿ ತೊಟ್ಟಿಕ್ಕಿ ಬೇಗ ಹಳಸುತ್ತದೆ. ರಾತ್ರಿ ಮಿಕ್ಕಿ ಹೊರಗೇ ಉಳಿದ ಅನ್ನವನ್ನು ಮಾತ್ರ ಇದಕ್ಕೆ ಬಳಸಬೇಡಿ. ಅಕ್ಕಿಯಲ್ಲಿ ಕುದಿಸಿದರೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾ ಬೀಜಕಣಗಳಿರುತ್ತವೆ. ಬೆಂದ ಅನ್ನ ಹೊರಗೆ ಉಳಿದಷ್ಟೂ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಟೂರಿನಲ್ಲಿ ಮಕ್ಕಳು ವಾಂತಿ ಮಾಡಿಕೊಂಡಾಗ ನೀರನ್ನು ಬೈಯುತ್ತೇವೆ, ಎಷ್ಟೋ ಸಲ ತಪ್ಪು ಅನ್ನದ್ದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡಬ್ಬಿ ಬಿಡುವುದೂ ಅಷ್ಟೇ ಕೆಟ್ಟದ್ದು.

ಹುಳಿ ಅನ್ನವೇ ಬೇಕೆಂದರೆ ಪುಳಿಯೋಗರೆ ಚಿತ್ರಾನ್ನಕ್ಕಿಂತ ತಡೆಯುತ್ತದೆ. ಚಿತ್ರಾನ್ನ ಮಾಡಿದರೆ ಕಾಯಿತುರಿ ಬಿಡಿ. ಇಡ್ಲಿಗೆ ಕಾಯಿ ಚಟ್ನಿ ಬದಲು ಚಟ್ನಿಪುಡಿ, ತುಪ್ಪ ಸವರಿ ಜೋಡಿಸಿ. ಇವೆಲ್ಲ ಕೈಕೊಟ್ಟಾಗ ಕಾಯುವುದು ರಾಗಿ ಹುರಿಹಿಟ್ಟು. ಎರಡು ದೊಡ್ಡ ಚಮಚ ಹುರಿಹಿಟ್ಟು, ಒಂದು ಚಮಚ ಬೆಲ್ಲದ ಪುಡಿ ಮೊದಲೇ ಬೆರೆಸಿ ಪೊಟ್ಟಣ ಕಟ್ಟಿಟ್ಟುಕೊಂಡರೆ, ಎಲ್ಲಾದರೂ ಅರ್ಧ ಲೋಟ ಬಿಸಿ ಹಾಲು ಸಿಕ್ಕರೆ ಸಾಕು, ಒಲೆಯ ಹಂಗಿಲ್ಲ.

ಪ್ರಶ್ನೆ: ರೈಲಿನಲ್ಲಿ ಆರು ವರ್ಷದ ಮಗನಿಗೆ ಅರ್ಧ ಟಿಕೆಟ್ ಸಾಕಲ್ಲವೇ? ಮೂರು ವರ್ಷದವಳಿಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ಐದು ತುಂಬದವರಿಗೆ ಟಿಕೆಟ್ ಬೇಡ, ಬರ್ತ್ ಬೇಕಾದರೆ ಮಾತ್ರ ಪೂರ್ತಿ ದರ. ಐದರಿಂದ ಹನ್ನೆರಡು ತುಂಬುವವರೆಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ. 2016ರ ಏಪ್ರಿಲ್‌ನಿಂದ ಹೀಗೆ. ಚೇರ್ ಕಾರ್, ಸೆಕೆಂಡ್ ಸೀಟಿಂಗ್‌ನಂಥ ಕೂರುವ ದರ್ಜೆಗಳಲ್ಲಿ "ಸೀಟು ಬೇಡ" ಅನ್ನುವ ಆಯ್ಕೆ ಇಲ್ಲ, ಆರು ವರ್ಷದವನಿಗೆ ಪೂರ್ತಿ ದುಡ್ಡೇ. ರಾತ್ರಿ ಪ್ರಯಾಣಕ್ಕೆ ಅರ್ಧ ಟಿಕೆಟ್ ಮಾಡಿ ಒಂದು ಬರ್ತಿನಲ್ಲಿ ನೀವೂ ಅವನೂ ಮಲಗುವ ಲೆಕ್ಕ ಹಾಕಬೇಡಿ, ಇಬ್ಬರಿಗೂ ನಿದ್ದೆ ಇಲ್ಲ. ಮಕ್ಕಳ ಆಧಾರ್ ಪ್ರತಿ ಜೊತೆಗಿರಲಿ.

ಪ್ರಶ್ನೆ: ಐದು ವರ್ಷದ ಮಗಳನ್ನು ಆಗುಂಬೆ ಘಾಟಿ ಇಳಿದು ಉಡುಪಿಗೆ ಕರೆದುಕೊಂಡು ಹೋಗಬೇಕು. ಹೋದ ಸಲ ಎರಡನೇ ತಿರುವಿಗೇ ವಾಂತಿ ಶುರು. ಸುಮ್ಮನಿರಲಿ ಅಂತ ಮೊಬೈಲ್ ಕೊಟ್ಟಿದ್ದೆವು, ಪ್ರಯೋಜನವಾಗಲಿಲ್ಲ.
— ಓದುಗರು, ತೀರ್ಥಹಳ್ಳಿ

ಉತ್ತರ: ಮೊಬೈಲೇ ಅರ್ಧ ಕಾರಣ. ಕಿವಿಯೊಳಗಿನ ಸಮತೋಲನದ ಅಂಗ "ತಿರುಗುತ್ತಿದ್ದೇವೆ" ಅನ್ನುತ್ತದೆ, ಪರದೆಯ ಮೇಲೆ ನೆಟ್ಟ ಕಣ್ಣು "ಎಲ್ಲೂ ಅಲುಗಿಲ್ಲ" ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ಎರಡು ವರ್ಷದೊಳಗಿನವರಿಗೆ ಇದು ಅಪರೂಪ, ಆರರಿಂದ ಹನ್ನೆರಡರವರೆಗೆ ಜೋರು. ಚಿತ್ರದ ಪುಸ್ತಕವೂ ಮೊಬೈಲಿನಷ್ಟೇ ಕೆಟ್ಟದ್ದು. ಮಗಳಿಗೆ ಮುಂದಿನ ರಸ್ತೆ ಕಾಣುವಂತೆ ಕೂರಿಸಿ. ಕಾರಿನಲ್ಲಿ ಹಿಂದಿನ ಸೀಟಿನ ನಡುವೆ, ಬೆಲ್ಟು ಹಾಕಿ, ಬೂಸ್ಟರ್ ಮೇಲೆ ಎತ್ತರಿಸಿ. ಬಸ್ಸಾದರೆ ಮುಂದಿನ ಭಾಗ. ಹಿಂದಿನ ಚಕ್ರದ ಮೇಲಿನ ಸೀಟಂತೂ ಬೇಡವೇ ಬೇಡ, ಅಲ್ಲಿ ಕುಲುಕಾಟ ಜಾಸ್ತಿ.

ಬರಿ ಹೊಟ್ಟೆಯಲ್ಲಿ ಹೊರಡಿಸಿದರೆ ವಾಂತಿ ಆಗುವುದಿಲ್ಲ ಅನ್ನುವುದು ತಪ್ಪು ಎಣಿಕೆ. ಘಾಟಿಗೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿಯೋ ಒಣ ಚಪಾತಿಯೋ ತಿಂದಿರಲಿ. ಹಾಲು, ಕರಿದದ್ದು, ಸಿಹಿ ಪಾನೀಯ ಬೇಡ. ಕಾರಿಗೆ ಹಾಕಿದ ಸುಗಂಧದ ಡಬ್ಬಿ ತೆಗೆದುಬಿಡಿ, ಕಿಟಕಿ ಎರಡು ಬೆರಳಷ್ಟು ಇಳಿಸಿ. ಆಗುಂಬೆಯಲ್ಲಿ ಇಳಿಯುವ ಮುಂಚೆ ಹತ್ತು ನಿಮಿಷ ನಡೆದಾಡಿಸಿ. ಕೆಳಗಿನ ಹದಿನಾಲ್ಕು ತಿರುವುಗಳನ್ನು ಅವಳ ಕೈಲೇ ಎಣಿಸಿದರೆ ಕಣ್ಣು ತಾನಾಗಿ ರಸ್ತೆಯ ಮೇಲಿರುತ್ತದೆ. ಪೇಪರ್ ಮೇಲೆ ಕೂರಿಸಿದರೆ ವಾಂತಿ ನಿಲ್ಲುತ್ತದೆ ಅನ್ನುವವರಿದ್ದಾರೆ. ಪೇಪರ್ ತನ್ನಿ, ಒರೆಸಲು ಬೇಕಾಗುತ್ತದೆ. ಒಂದರೊಳಗೊಂದು ಎರಡು ಕವರು, ಒಂದು ಟವೆಲು, ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಲ್ಲ, ಕಾಲ ಬಳಿ ಇರಲಿ. ವಾಂತಿಯಾದ ಕೂಡಲೇ ನೀರು ಕುಡಿಸಬೇಡಿ, ಮತ್ತೆ ಬರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಿ.

ಮಾತ್ರೆ ಬೇಕೆನಿಸಿದರೆ ಮಗುವಿನ ತೂಕ ಹೇಳಿ ಮಕ್ಕಳ ಡಾಕ್ಟರನ್ನೇ ಕೇಳಿ. ಇಂಥದ್ದಕ್ಕೆ ಕೊಡುವ ಪ್ರೊಮೆಥಜಿನ್ ಎರಡು ವರ್ಷದೊಳಗಿನವರಿಗೆ ಕೂಡದು, ಉಸಿರಾಟಕ್ಕೆ ಅಪಾಯ. ಇಂಥ ಮಾತ್ರೆಗಳನ್ನು ಮೊದಲೇ ಕೊಟ್ಟಿರಬೇಕು, ತಿರುವು ಶುರುವಾದ ಮೇಲೆ ಕೊಟ್ಟರೆ ವಾಂತಿಯ ಜೊತೆ ಅದೂ ಹೊರಗೆ. ಬಹಳ ಮಕ್ಕಳಿಗೆ ತೂಕಡಿಕೆ ಬರುತ್ತದೆ, ಕೆಲವರು ಉಲ್ಟಾ ಹಠಕ್ಕೆ ಬೀಳುತ್ತಾರೆ.

ಪ್ರಶ್ನೆ: ಎರಡು ವರ್ಷದ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವುದು ತಪ್ಪೇ? ಎಲ್ಲರೂ ಹಾಗೇ ಹೋಗುತ್ತಾರೆ.
— ಓದುಗರು, ದಾವಣಗೆರೆ

ಉತ್ತರ: ತಪ್ಪೇ. ಬ್ರೇಕ್ ಹಿಡಿದಾಗ ಮಗುವಿನ ಎದೆ, ಗದ್ದ ಹ್ಯಾಂಡಲಿಗೆ ಬಡಿಯುತ್ತದೆ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದ ಪ್ರಕಾರ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಅಳತೆಯ ಹೆಲ್ಮೆಟ್ ಬೇಕು, ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿಯ ಜಾಕೆಟ್ ಬೇಕು, ವೇಗ 40 ಕಿ.ಮೀ. ಮೀರಕೂಡದು. ಹೆಲ್ಮೆಟ್ ಹಾಕಿ ಗದ್ದದ ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿದರೆ ಅದು ಬೇರೆಯಾಗಿ ತಿರುಗಬಾರದು. ಬೈಕಿನ ಹಿಂದೆ ಕೂರಿಸುವವರು ಮಗುವಿನ ಕಾಲಿಗೆ ಹಿಮ್ಮಡಿ ಮುಚ್ಚುವ ಬೂಟು ಹಾಕಿ. ತೂಗಾಡುವ ಪಾದ ಚಕ್ರದ ಕಡ್ಡಿಗೆ ಸಿಕ್ಕಿ ಹಿಮ್ಮಡಿ ಸುಲಿಯುವುದು ಬಹಳ ಸಾಮಾನ್ಯ ಗಾಯ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ.

ಪ್ರಶ್ನೆ: ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮೂರು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೋಗುವ ಆಸೆ. ಜನಜಂಗುಳಿಯಲ್ಲಿ ಕೈ ತಪ್ಪಿದರೆ ಅಂತ ಮಗ ಬೇಡ ಅನ್ನುತ್ತಾನೆ.
— ಅಜ್ಜಿಯೊಬ್ಬರು, ಚಾಮರಾಜಪೇಟೆ

ಉತ್ತರ: ಕರೆದುಕೊಂಡು ಹೋಗಿ ಅಮ್ಮಾ, ಆದರೆ ಕಾರ್ತಿಕದ ಕಡೆಯ ಸೋಮವಾರದ ಸಂಜೆಗಲ್ಲ. ಹಿಂದಿನ ದಿನಗಳಲ್ಲೇ ಅಂಗಡಿಗಳು ಕೂತಿರುತ್ತವೆ, ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ರಾಶಿಯೂ ಕಾಣುತ್ತದೆ, ನಡೆಯಲು ಜಾಗವೂ ಇರುತ್ತದೆ. ಹೊರಡುವ ಮುಂಚೆ ಅಂದಿನ ಬಟ್ಟೆಯಲ್ಲೇ ಒಂದು ಫೋಟೊ ತೆಗೆದುಕೊಳ್ಳಿ. ಕಳೆದುಹೋದಾಗ "ಯಾವ ಬಣ್ಣದ ಅಂಗಿ?" ಅಂದರೆ ಗಾಬರಿಯಲ್ಲಿ ನೆನಪಾಗುವುದಿಲ್ಲ. ಬಾಲ್‌ಪೆನ್ನಿನಿಂದ ಎರಡು ಫೋನ್ ನಂಬರನ್ನು ತೋಳಿನ ಒಳಭಾಗದಲ್ಲಿ ಬರೆಯಿರಿ. ಒಂದು ನಿಮ್ಮದು, ಇನ್ನೊಂದು ಮನೆಯಲ್ಲಿರುವವರದು, ಗದ್ದಲದಲ್ಲಿ ನಿಮ್ಮದು ಕೇಳಿಸದೆ ಹೋಗಬಹುದು. ಹೆಸರು ಮಾತ್ರ ಹೊರಗೆ ಕಾಣುವಂತೆ ಬೇಡ, ಹೆಸರು ಹಿಡಿದು ಕರೆದವರನ್ನು ಮಗು ನಂಬುತ್ತದೆ. "ಅಜ್ಜಿ ಕಾಣದಿದ್ದರೆ ಓಡಬೇಡ, ನಿಂತಲ್ಲೇ ನಿಂತು ಜೋರಾಗಿ ಕೂಗು" ಅಂತ ಮನೆಯಲ್ಲೇ ಎರಡು ದಿನ ಆಟವಾಡಿಸಿ. ಕೈ ತಪ್ಪಿತೋ, ಮೊದಲು ಹತ್ತಿರದ ಪೊಲೀಸರಿಗೆ ಹೇಳಿ, 112ಕ್ಕೆ ಕರೆ ಮಾಡಿ, ನಿಮ್ಮಲ್ಲಿ ಒಬ್ಬರು ಕಾಣೆಯಾದ ಜಾಗದಲ್ಲೇ ನಿಂತಿರಿ.

ನಿಮ್ಮ ಮಗ ಹೆದರಬೇಕಾದದ್ದು ಜನರಿಗಿಂತ ಕಡಲೆಕಾಯಿಗೆ. ನಾಲ್ಕೈದು ವರ್ಷದವರೆಗೆ ಇಡೀ ಬೀಜ ಕೊಡಬೇಡಿ. ಅರೆಯುವ ಹಿಂದಿನ ಹಲ್ಲುಗಳು ಬಂದಿದ್ದರೂ ಅವರಿಗೆ ನುಣ್ಣಗೆ ಅಗಿಯುವ ರೂಢಿ ಇರುವುದಿಲ್ಲ. ನಗುತ್ತಲೋ ಓಡುತ್ತಲೋ ಬಾಯಿಗೆ ಹಾಕಿಕೊಂಡ ಬೀಜ ಶ್ವಾಸನಾಳಕ್ಕೆ ಇಳಿಯುತ್ತದೆ. ಒಡೆದ ಬಲೂನಿನ ಚೂರೂ ಹಾಗೇ. ಗಂಟಲಿಗೆ ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕೆಮ್ಮೂ ಅಳುವೂ ನಿಂತು ಉಸಿರು ಕಟ್ಟಿದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಬಾರಿ ಬಲವಾಗಿ ಹೊಡೆಯಿರಿ. ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿ. ಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಪಕ್ಕದವರಿಗೆ ಆಂಬುಲೆನ್ಸ್ ಕರೆಯಲು ಹೇಳಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಹೊಟ್ಟೆ ಒತ್ತಬಾರದು.

ಪರಿಷೆಯ ಕಡಲೆಕಾಯಿ ಮನೆಗೆ ತನ್ನಿ. ಹುರಿದು ಸಿಪ್ಪೆ ಉಜ್ಜಿ, ಬೆಲ್ಲ ಹಾಕಿ ನುಣ್ಣಗೆ ಪುಡಿ ಮಾಡಿ, ತುಪ್ಪ ಬೆರೆಸಿ ದೋಸೆಗೆ ಸವರಿ ಕೊಟ್ಟರೆ ಮೊಮ್ಮಗನಿಗೂ ಅದರ ರುಚಿ ಸಿಕ್ಕಂತಾಯಿತು.