ದೇಣಿಗೆ ಕೊಡುವ ಗಂಟು ಯಾರದು?

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಕಂಪನಿ ಪಕ್ಷಕ್ಕೆ ಕೋಟಿಗಟ್ಟಲೆ ಕೊಟ್ಟರೆ ಅದು ದೇಣಿಗೆ. ನಮ್ಮ ಸಂಘ ಒಂದು ಪಕ್ಷದ ಪರ ನಿಂತರೆ ಅದು ‘ರಾಜಕೀಯ’. ಇಬ್ಬರನ್ನೂ ದೂರವಿಡಬೇಕೆಂಬುದು ನನ್ನ ಮಗಳ ವಾದ. ತಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ದಾಸರಹಳ್ಳಿ

ಉತ್ತರ: ನಿಮ್ಮ ಮಗಳು ಹೇಳುವುದನ್ನು ಕಂಪನಿಗಳ ಮಟ್ಟಿಗೆ ನಮ್ಮ ದೇಶ ಒಮ್ಮೆ ಮಾಡಿ ನೋಡಿದೆ. 1969ರಲ್ಲಿ ಕಂಪನಿ ದೇಣಿಗೆಯನ್ನು ನಿಷೇಧಿಸಲಾಯಿತು, 1985ರಲ್ಲಿ ಮತ್ತೆ ಅನುಮತಿಸಲಾಯಿತು. ನಡುವಿನ ವರ್ಷಗಳಲ್ಲಿ ನಿಂತದ್ದು ರಸೀದಿಯೇ ಹೊರತು ಹಣವಲ್ಲ ಎಂದೇ ನನ್ನ ತಿಳಿವಳಿಕೆ.

ನನ್ನ ಮಟ್ಟಿಗೆ ಪ್ರಶ್ನೆ ಬೇರೆ: ಕೊಡುವ ಹಣ ಯಾರದು, ಅವರನ್ನು ಕೇಳಿ ಕೊಟ್ಟದ್ದೇ? ಈ ವಿಷಯದಲ್ಲಿ ಕಾನೂನು ನಿಮ್ಮ ಸಂಘವನ್ನು ಕಂಪನಿಗಿಂತ ಬಿಗಿಯಾಗಿ ಹಿಡಿದಿತ್ತು ಎಂದರೆ ನಿಮಗೆ ಅಚ್ಚರಿಯಾದೀತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 16ನೇ ಕಲಮಿನ ಪ್ರಕಾರ ಸಂಘವು ರಾಜಕೀಯ ಕೆಲಸಕ್ಕೆ ಸಾಮಾನ್ಯ ನಿಧಿಯನ್ನು ಮುಟ್ಟದೆ ಪ್ರತ್ಯೇಕ ನಿಧಿಯನ್ನು ಕಟ್ಟಬೇಕಿತ್ತು. ಅದಕ್ಕೆ ವಂತಿಗೆ ಕೊಡೆನೆಂದ ಸದಸ್ಯನನ್ನು ಒತ್ತಾಯಿಸುವಂತಿರಲಿಲ್ಲ, ಸಂಘದ ಸೌಲಭ್ಯಗಳಿಂದ ಹೊರಗಿಡುವಂತೆಯೂ ಇರಲಿಲ್ಲ. ಕಂಪನಿಗಾದರೋ 2013ರ ಕಂಪನಿ ಕಾಯ್ದೆಯ 182ನೇ ಕಲಮಿನಡಿ ನಿರ್ದೇಶಕ ಮಂಡಳಿಯ ಒಂದು ನಿರ್ಣಯ ಸಾಕು. ಷೇರುದಾರನನ್ನು ಯಾರೂ ಕೇಳುವುದಿಲ್ಲ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿಯೊಂದಿತ್ತು. 2017ರಲ್ಲಿ ಅದನ್ನೂ, ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂದು ಲೆಕ್ಕದಲ್ಲಿ ತೋರಿಸುವ ಹೊಣೆಯನ್ನೂ ತೆಗೆದುಹಾಕಿ, ಮರುವರ್ಷ ಕೊಟ್ಟವರ ಹೆಸರು ಗುಟ್ಟಾಗಿ ಉಳಿಯುವ ಚುನಾವಣಾ ಬಾಂಡನ್ನು ತಂದರು. ಇವೆಲ್ಲವನ್ನೂ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ನಷ್ಟದಲ್ಲಿರುವ ಕಂಪನಿಯೂ ಮಿತಿಯಿಲ್ಲದೆ ಕೊಡಬಹುದೆಂಬ ಏರ್ಪಾಡು ಯಾವ ತರ್ಕಕ್ಕೂ ನಿಲ್ಲುವಂಥದ್ದಾಗಿರಲಿಲ್ಲ.

ಪ್ರಭಾವವೆಲ್ಲ ಹಣದಿಂದಲೇ ಬರುತ್ತದೆಂದು ಮಾತ್ರ ತಿಳಿಯಬೇಡಿ. 2024ರ ಜುಲೈಯಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ನಮ್ಮ ರಾಜ್ಯದ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳೂ ಐಟಿ ಕಂಪನಿಗಳ ಒಕ್ಕೂಟವಾದ ನಾಸ್ಕಾಂನಂಥ ಸಂಸ್ಥೆಗಳೂ ಆಕ್ಷೇಪಿಸಿದ ಬೆನ್ನಿಗೇ ಅದನ್ನು ತಡೆಹಿಡಿಯಲಾಯಿತು. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಮಾತು. ಆ ವೇಗವನ್ನು ಗಮನಿಸಿ. ಇತ್ತ 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಾಗ ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅವರಲ್ಲಿ ಬಹುಪಾಲು ಯಾವ ಸಂಘದ ಸದಸ್ಯರೂ ಅಲ್ಲ. ವ್ಯತ್ಯಾಸವಿಷ್ಟೇ: ಉದ್ಯಮಿಯ ಮಾತು ಕುಳಿತಲ್ಲಿಂದಲೇ ತಲುಪುತ್ತದೆ, ಆ ಹೆಣ್ಣುಮಕ್ಕಳು ಸಂಬಳ ಬಿಟ್ಟು ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಆದ್ದರಿಂದಲೇ ಕಂಪನಿಯೂ ಸಂಘವೂ ರಾಜಕೀಯವನ್ನು ಬಹಿರಂಗವಾಗಿ ಮಾತನಾಡಲಿ, ಹಣ ಕೊಡುವಾಗ ಮಾತ್ರ ಸಂಘಕ್ಕೆ ಹಾಕಿದ ಒಪ್ಪಿಗೆಯ ಕಟ್ಟು ಕಂಪನಿಗೂ ಇರಲಿ ಎನ್ನುತ್ತೇನೆ.

ಪ್ರಶ್ನೆ: ನಾನು ಹಿಡಿದಿರುವ ಷೇರಿನ ಕಂಪನಿಯು ಪಕ್ಷವೊಂದಕ್ಕೆ ಕೊಡುವುದನ್ನು ತಡೆಯಬಹುದೇ?
— ನಿವೃತ್ತ ಬ್ಯಾಂಕ್ ನೌಕರರು, ಜಯನಗರ

ಉತ್ತರ: ಒಬ್ಬರೇ ತಡೆಯಲಾರಿರಿ. ಸರ್ಕಾರಿ ಕಂಪನಿಯಾಗಿದ್ದರೆ, ಇಲ್ಲವೆ ಅದಕ್ಕೆ ಮೂರು ವರ್ಷ ತುಂಬಿರದಿದ್ದರೆ, ಕಾನೂನೇ ತಡೆಯುತ್ತದೆ. ಉಳಿದ ಕಂಪನಿಗಳ ಲಾಭ-ನಷ್ಟ ಪತ್ರಿಕೆಯಲ್ಲಿ ಪಕ್ಷದ ಹೆಸರೂ ಮೊತ್ತವೂ ಇದೆಯೇ ಎಂದು ನೋಡಿ, ಇಲ್ಲವಾದರೆ ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿ. ನಿಯಮ ಮುರಿದರೆ ಕೊಟ್ಟ ಮೊತ್ತದ ಐದು ಪಟ್ಟಿನವರೆಗೆ ದಂಡವೂ, ತಪ್ಪಿತಸ್ಥ ಅಧಿಕಾರಿಗೆ ಆರು ತಿಂಗಳವರೆಗೆ ಸೆರೆವಾಸವೂ ಇದೆ. ಪ್ರಶ್ನೆಯ ಜೊತೆ ಇದನ್ನೂ ನೆನಪಿಸಬಹುದು.